ಉತ್ತರಾಯಣದ ದಿನ: ಪಠ್ಯವೂ ಪಂಚಾಂಗವೂ

ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬನು ಡಿಸೆಂಬರ್ ತಿಂಗಳಿನ ಭೂಗೋಳದ ಪಾಠದಲ್ಲಿ, ಸೂರ್ಯನು ಆ ತಿಂಗಳ 21 ಅಥವಾ 22ರಂದು ಮಕರ ಸಂಕ್ರಾಂತಿ ವೃತ್ತವನ್ನು ಮುಟ್ಟಿ ಉತ್ತರಾಭಿಮುಖನಾಗುತ್ತಾನೆಂದು ಕಲಿಯುತ್ತಾನೆ. ಮೂರು ವಾರ ಕಳೆದ ಮೇಲೆ ಕನ್ನಡದ ಪಾಠದಲ್ಲಿ, ಅದೇ ಸೂರ್ಯನು ಜನವರಿ 14 ಅಥವಾ 15ರ ಮಕರ ಸಂಕ್ರಾಂತಿಯಂದು ಪಥವನ್ನು ಬದಲಿಸಿ ಉತ್ತರಾಯಣವನ್ನು ಪ್ರವೇಶಿಸುತ್ತಾನೆಂದು ಕಲಿಯುತ್ತಾನೆ. ವೃತ್ತಕ್ಕೂ ಹಬ್ಬಕ್ಕೂ ಹೆಸರು ಒಂದೇ. ದಿನ ಮಾತ್ರ ಬೇರೆ. ಜಾಣನಾದ ಹುಡುಗನು ಇವೆರಡರಲ್ಲಿ ಯಾವುದು ನಿಜವೆಂದು ಕೇಳಿದರೆ ಅಧ್ಯಾಪಕರಲ್ಲಿ ಒಬ್ಬರು ಮತ್ತೊಬ್ಬರ ಕಡೆಗೆ ಬೆರಳು ತೋರಿಸುವುದೇ ಹೆಚ್ಚು. ಹಳಗನ್ನಡದ ಪಠ್ಯಗಳಿಗೆ ಟಿಪ್ಪಣಿ ಬರೆಯುವ ವಿದ್ವಾಂಸರೂ ಈ ತೊಡಕಿನಿಂದ ಪಾರಾಗಿಲ್ಲ. 'ಉತ್ತರಾಯಣ' ಎಂಬ ಪದ ಬಂದಲ್ಲೆಲ್ಲ 'ಮಕರ ಸಂಕ್ರಾಂತಿಯಿಂದ ಮೊದಲಾಗುವ ಆರು ತಿಂಗಳು' ಎಂದು ಅರ್ಥ ಕೊಟ್ಟು ಮುಂದಕ್ಕೆ ಸಾಗುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಈ ಅರ್ಥ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈ ವಿಷಯದಲ್ಲಿ ಎರಡು ಪಕ್ಷಗಳು ಬಳಕೆಯಲ್ಲಿವೆ. ಒಂದು, ಸಮನ್ವಯದ ಪಕ್ಷ. ಇದರ ಪ್ರಕಾರ ನಮ್ಮ ಪೂರ್ವಿಕರು ಸೂರ್ಯನ ತಿರುವನ್ನು ಕಣ್ಣಾರೆ ಕಂಡು ಹಬ್ಬವನ್ನು ಗೊತ್ತುಮಾಡಿದರು. ಸಂಕ್ರಾಂತಿಯು ಉತ್ತರಾಯಣದ ಹಬ್ಬವೇ. ಇಪ್ಪತ್ತುಮೂರು ಇಪ್ಪತ್ತುನಾಲ್ಕು ದಿನಗಳ ವ್ಯತ್ಯಾಸವು ಲೆಕ್ಕಕ್ಕೆ ಬಾರದ ಅಲ್ಪ ವಿಷಯ. ಇನ್ನೊಂದು, ತಿದ್ದುಪಡಿಯ ಪಕ್ಷ. ಹಬ್ಬವು ದಾರಿತಪ್ಪಿದೆ, ಅದನ್ನು ಡಿಸೆಂಬರ್ 22ಕ್ಕೆ ಹಿಂದೆಗೆಯಬೇಕು, ಇಲ್ಲವಾದರೆ ನಾವು ಆಚರಿಸುತ್ತಿರುವುದು ಬರಿಯ ತಪ್ಪನ್ನು ಎಂಬುದು ಇದರ ವಾದ. ಎರಡು ಪಕ್ಷಗಳೂ ಒಂದು ನಂಬಿಕೆಯನ್ನು ಸಮಾನವಾಗಿ ಹಿಡಿದಿವೆ: ಅಯನದ ತಿರುವಿಗೆ ಒಂದು ಹಬ್ಬವಿರಬೇಕು, ಆ ಹಬ್ಬಕ್ಕೆ ಒಂದೇ ದಿನವಿರಬೇಕು ಎಂಬುದು. ಈ ನಂಬಿಕೆಯೇ ನಮಗೆ ಸಂದೇಹಾಸ್ಪದವಾಗಿ ತೋರುತ್ತದೆ. ನಮ್ಮ ಪರಂಪರೆಯಲ್ಲಿ ಉತ್ತರಾಯಣಕ್ಕೆ ದಿನ ಒಂದಲ್ಲ, ಹಲವು. ಅವು ಬೇರೆ ಬೇರೆ ಕಾಲದ ಗಣನೆಗಳು ಬಿಟ್ಟುಹೋದ ಪದರಗಳು. ಯಾವ ಪಠ್ಯವು ಯಾವ ಪದರದಿಂದ ಮಾತಾಡುತ್ತಿದೆ ಎಂಬುದನ್ನು ಅರಿಯದೆ ಅರ್ಥ ಹೇಳಹೊರಟರೆ ಪಠ್ಯವೂ ಕೆಡುತ್ತದೆ, ಚರಿತ್ರೆಯೂ ಕೆಡುತ್ತದೆ.

ಮೊದಲು ಕಣ್ಣಿಗೆ ಕಾಣುವ ಸಂಗತಿಯನ್ನು ನೋಡೋಣ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ವರ್ಷದ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 20 ನಿಮಿಷ. ಅತಿ ದೊಡ್ಡ ಹಗಲಿಗೂ ಇದಕ್ಕೂ ಇರುವ ಅಂತರ ಒಂದೂವರೆ ಗಂಟೆ. ರಾಜ್ಯದ ಉತ್ತರದ ತುದಿಯಾದ ಬೀದರದಲ್ಲಿ ಈ ಅಂತರವು ಎರಡು ಗಂಟೆಗಳನ್ನು ತುಸು ಮೀರುತ್ತದೆ. ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿಯಾದರೋ ಡಿಸೆಂಬರ್ ಕಡೆಯ ಹಗಲು ಕೇವಲ ಆರು ಗಂಟೆಯದು. ಅಲ್ಲಿ ಸೂರ್ಯನು ಕೈಬಿಟ್ಟುಹೋಗುತ್ತಿದ್ದಾನೆಂಬ ಅಳುಕು, ಅವನು ಮರಳಿದನೆಂಬ ಹಿಗ್ಗು ಇವೆರಡೂ ದೇಹಕ್ಕೆ ತಟ್ಟುವ ಅನುಭವಗಳು. ನಮ್ಮಲ್ಲಿ ಹಾಗಿಲ್ಲ. ಇನ್ನೂ ವಿಚಿತ್ರವಾದುದೆಂದರೆ, ಬೆಂಗಳೂರಿನಲ್ಲಿ ಡಿಸೆಂಬರ್ 22ಕ್ಕಿಂತ ಸಂಕ್ರಾಂತಿಯ ದಿನ ಸೂರ್ಯೋದಯವು ಏಳೆಂಟು ನಿಮಿಷ ತಡವಾಗಿಯೇ ಆಗುತ್ತದೆ. ಜನವರಿಯ ಮೂರನೆಯ ವಾರದವರೆಗೂ ಹಾಗೆ ತಡವಾಗುತ್ತಲೇ ಹೋಗುತ್ತದೆ. ಸಂಜೆ ಮುಂದಕ್ಕೆ ಸರಿದುದರಿಂದ ಹಗಲು ಒಟ್ಟಿನಲ್ಲಿ ಐದು ನಿಮಿಷದಷ್ಟು ಬೆಳೆದಿರುತ್ತದೆಯೆಂಬುದು ಗಡಿಯಾರಕ್ಕೆ ಗೊತ್ತಾಗಬಲ್ಲುದೇ ಹೊರತು ಬೆಳಗಿನ ಜಾವ ಎದ್ದು ಕೊಟ್ಟಿಗೆಗೆ ಹೋಗುವವರಿಗೆ ಗೊತ್ತಾಗದು. ಆದುದರಿಂದ ಈ ನಾಡಿನಲ್ಲಿ ಅಯನದ ತಿರುವು ಜನರು ತಾವಾಗಿ ಅನುಭವಿಸಿದ ಸಂಗತಿಯಲ್ಲ. ಶಂಕುವಿನ ನೆರಳನ್ನು ಅಳೆದವರು, ಇಲ್ಲವೆ ಪಂಚಾಂಗವನ್ನು ಓದಿದವರು ಅವರಿಗೆ ತಿಳಿಸಿದ ಸಂಗತಿ. ಯುರೋಪಿನ ಚಳಿಗಾಲದ ಹಬ್ಬಗಳ ಮೇಲೆ ಅಲ್ಲಿನವರು ಬರೆದ ವಿವರಣೆಯನ್ನು ಎತ್ತಿ ತಂದು ಸಂಕ್ರಾಂತಿಗೆ ತೊಡಿಸುವ ಬರಹಗಳನ್ನು ಓದುವಾಗ ನಮಗೆ ಈ ಐದು ನಿಮಿಷದ ನೆನಪಾಗುತ್ತದೆ.

ಅಳೆದು ತಿಳಿದವರ ಮಾತು ಬಹು ಹಳೆಯದು. ಕೌಷೀತಕಿ ಬ್ರಾಹ್ಮಣದಲ್ಲಿ, ಮಾಘದ ಅಮಾವಾಸ್ಯೆಯಂದು ಸೂರ್ಯನು ಉತ್ತರಕ್ಕೆ ತಿರುಗುವ ಮುನ್ನ ತಂಗುತ್ತಾನೆಂಬ ಮಾತಿದೆ. ಈ 'ತಂಗುವುದು' ಎಂಬುದನ್ನು ಅಲಂಕಾರವೆಂದು ತಳ್ಳಿಹಾಕಲಾಗದು. ತಿರುವಿನ ಆಚೀಚೆ ಕೆಲವು ದಿನಗಳು ಸೂರ್ಯನು ಹುಟ್ಟುವ ತಾಣವು ದಿಗಂತದಲ್ಲಿ ಕದಲಿದಂತೆಯೇ ಕಾಣುವುದಿಲ್ಲ. ನಿಂತಂತೆ ಕಾಣುವುದು ನೋಟಕ್ಕೆ ನಿಜವೇ. ವರ್ಷಾವಧಿಯ ಗವಾಮಯನ ಸತ್ರದ ಕೊನೆಯ ಭಾಗದಲ್ಲಿ ಬರುವ ಮಹಾವ್ರತವನ್ನು ಈ ತಿರುವಿನೊಡನೆ ಹೊಂದಿಸಲಾಗಿತ್ತು. ಆ ದಿನದ ವಿವರಗಳು ತೈತ್ತಿರೀಯ ಸಂಹಿತೆಯಲ್ಲಿಯೂ ಆರಣ್ಯಕಗಳಲ್ಲಿಯೂ ಉಳಿದುಬಂದಿವೆ. ಹೋತೃವು ಉಯ್ಯಾಲೆಯ ಮೇಲೆ ಕುಳಿತು ಶಸ್ತ್ರವನ್ನು ಹೇಳುತ್ತಾನೆ. ನೆಲದಲ್ಲಿ ಕುಳಿ ತೋಡಿ, ಎತ್ತಿನ ಚರ್ಮವನ್ನು ಅದರ ಮೇಲೆ ಬಿಗಿದು, ಭೂಮಿದುಂದುಭಿಯೆಂದು ಬಾರಿಸುತ್ತಾರೆ. ನೂರು ತಂತಿಗಳ ವೀಣೆ ನುಡಿಯುತ್ತದೆ. ಆರ್ಯನೂ ಶೂದ್ರನೂ ಒಂದು ದುಂಡನೆಯ ಬಿಳಿಯ ಚರ್ಮಕ್ಕಾಗಿ ಸೆಣಸುತ್ತಾರೆ. ಬ್ರಹ್ಮಚಾರಿಯೂ ವೇಶ್ಯೆಯೂ ಪರಸ್ಪರ ಬಯ್ದಾಡುತ್ತಾರೆ. ನೀರಿನ ಕೊಡಗಳನ್ನು ತಲೆಯ ಮೇಲಿಟ್ಟುಕೊಂಡ ಹೆಂಗಸರು ಬೆಂಕಿಯ ಸುತ್ತ ಹಾಡುತ್ತ ಕುಣಿಯುತ್ತಾರೆ. ಯಜ್ಞದ ಶಾಸ್ತ್ರೀಯವಾದ ಅಂಗಳಕ್ಕೆ ಊರಿನ ಜಾತ್ರೆಯೇ ನುಗ್ಗಿಬಂದಂತಿರುವ ಈ ಚಿತ್ರವು, ಅಯನದ ತಿರುವನ್ನು ಅದೇ ದಿನದಂದು ಅದರ ಹೆಸರಿನಲ್ಲಿಯೇ ಜನ ಕೂಡಿ ಕಳೆದುದಕ್ಕೆ ನಮ್ಮಲ್ಲಿರುವ ಅತ್ಯಂತ ಹಳೆಯ ಸಾಕ್ಷ್ಯ. ಈ ಆಚರಣೆ ನಿಂತುಹೋಯಿತು. ಇಂದಿನ ಸಂಕ್ರಾಂತಿಗೆ ಇದರಿಂದ ನೇರವಾಗಿ ಬಂದ ಸಂತತಿಯೇನಾದರೂ ಇದೆಯೆಂದು ಸಾಧಿಸಲು ಆಧಾರಗಳಿಲ್ಲ. ಬೆಂಕಿಯಿದ್ದ ಮಾತ್ರಕ್ಕೆ ಎಲ್ಲ ಬೆಂಕಿಗಳೂ ಒಂದೇ ಕುಲದವಲ್ಲ.

ವೇದಾಂಗ ಜ್ಯೋತಿಷವು ಉತ್ತರಾಯಣವನ್ನು ಮಾಘ ಶುಕ್ಲದ ಆದಿಯಲ್ಲಿ, ಸೂರ್ಯಚಂದ್ರರಿಬ್ಬರೂ ಧನಿಷ್ಠೆಯಲ್ಲಿರುವಾಗ ಇಟ್ಟಿದೆ. ಆಕಾಶದ ಆ ಸ್ಥಿತಿಯು ಕ್ರಿ.ಪೂ. 14ರಿಂದ 12ನೆಯ ಶತಮಾನಗಳ ಸುಮಾರಿಗೆ ಹೊಂದುತ್ತದೆಯೆಂದು ಗಣಿತಜ್ಞರು ತೋರಿಸಿದ್ದಾರೆ. ಮಹಾಭಾರತದ ಭೀಷ್ಮನು ಕಾಯುವುದು ಈ ಉತ್ತರಾಯಣವನ್ನು. ಅನುಶಾಸನ ಪರ್ವದಲ್ಲಿ, ಹರಿತವಾದ ಬಾಣಗಳ ಮೇಲೆ ಐವತ್ತೆಂಟು ರಾತ್ರಿಗಳನ್ನು ಕಳೆದೆನೆಂದೂ ಮಾಘಮಾಸವು ಬಂದಿತೆಂದೂ ಅವನೇ ಯುಧಿಷ್ಠಿರನಿಗೆ ಹೇಳುತ್ತಾನೆ. ಮಕರ ರಾಶಿಯ ಸುದ್ದಿ ಅಲ್ಲಿ ಇಲ್ಲ. ಮಾಘ ಶುಕ್ಲ ಅಷ್ಟಮಿಯನ್ನು ಭೀಷ್ಮಾಷ್ಟಮಿಯೆಂದು ನಮ್ಮ ಪಂಚಾಂಗಗಳು ಇಂದಿಗೂ ಬರೆಯುತ್ತವೆ. ಅದರ ಹಿಂದಿನ ದಿನವೇ ರಥಸಪ್ತಮಿ. ಸೂರ್ಯನ ರಥವು ಉತ್ತರಕ್ಕೆ ಹೊರಳಿತೆಂದು ಭಾವಿಸಿ ಎಕ್ಕದ ಎಲೆಗಳನ್ನು ಮೈಮೇಲಿಟ್ಟುಕೊಂಡು ಸ್ನಾನ ಮಾಡುವ ದಿನ. ಸಂಕ್ರಾಂತಿಯಂದು ಆಗಲೇ ತಿರುಗಿದ ರಥವು ಮತ್ತೆ ಕೆಲವು ದಿನಗಳ ಅನಂತರ ಏಕೆ ತಿರುಗಬೇಕು? ಉತ್ತರ ಸರಳವಾದುದೆಂದು ನಮಗೆ ತೋರುತ್ತದೆ. ಉತ್ತರಾಯಣವನ್ನು ಚಾಂದ್ರಮಾಸದ ಮಾಘದೊಡನೆ ಹೊಂದಿಸಿದ ಹಳೆಯ ಗಣನೆಯ ನೆನಪು ಈ ತಿಥಿಗಳಲ್ಲಿ ಉಳಿದಿದೆ. ಸೌರಮಾನದ ಮಕರದೊಡನೆ ಹೊಂದಿಸಿದ ಈಚಿನ ಗಣನೆ ಸಂಕ್ರಾಂತಿಯಲ್ಲಿ ಉಳಿದಿದೆ. ಒಂದು ಮತ್ತೊಂದನ್ನು ಅಳಿಸಿಹಾಕಲಿಲ್ಲ, ಪಕ್ಕದಲ್ಲಿ ಕುಳಿತುಕೊಂಡಿತು.

ಭೀಷ್ಮನ ಈ ಕಾಯುವಿಕೆ ನಮ್ಮ ಕವಿಗಳಿಗೆ ಒದಗಿದ ಬಗೆಯನ್ನು ಇಲ್ಲಿಯೇ ಗಮನಿಸುವುದು ಉಚಿತ. ರನ್ನನ ಗದಾಯುದ್ಧದಲ್ಲಿ ಎಲ್ಲರನ್ನೂ ಕಳೆದುಕೊಂಡ ದುರ್ಯೋಧನನು ಸಂಜಯನೊಡನೆ ರಣಭೂಮಿಯನ್ನು ಹಾದು ಶರಶಯ್ಯೆಯಲ್ಲಿರುವ ಅಜ್ಜನ ಬಳಿಗೆ ಬರುತ್ತಾನೆ. ಭೀಷ್ಮನು ಬಿದ್ದದ್ದು ಯುದ್ಧದ ಹತ್ತನೆಯ ದಿನ. ಅಯನದ ತಿರುವಿಗಾಗಿ ಅವನು ಸಾವನ್ನು ತಡೆದಿರದಿದ್ದರೆ ಈ ಭೇಟಿಯೇ ಸಾಧ್ಯವಿರಲಿಲ್ಲ. ಹೀಗೆ ಕಾಲಗಣನೆಯ ಒಂದು ನಿಯಮವು ಕಾವ್ಯಕ್ಕೆ ಅತಿ ಕರುಣವಾದ ಸನ್ನಿವೇಶವನ್ನು ಒದಗಿಸಿಕೊಟ್ಟಿದೆ. ಕುಮಾರವ್ಯಾಸನಲ್ಲಿ ಇನ್ನೊಂದು ಬಗೆ. ಅವನ ಭಾರತವು ಹತ್ತು ಪರ್ವಗಳಿಗೆ, ಗದಾಪರ್ವಕ್ಕೆ, ನಿಂತುಬಿಡುತ್ತದೆ; ಶಾಂತಿ ಅನುಶಾಸನಗಳು ಕನ್ನಡಕ್ಕೆ ಬಂದದ್ದು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿಯಿಂದ. ಎಂದರೆ, ಕನ್ನಡಿಗರು ಊರೂರುಗಳಲ್ಲಿ ಗಮಕಿಗಳ ಬಾಯಿಂದ ಕೇಳಿದ ಭಾರತದಲ್ಲಿ ಭೀಷ್ಮನು ಶರಶಯ್ಯೆಯಲ್ಲಿ ಮಲಗಿಯೇ ಉಳಿಯುತ್ತಾನೆ. ಅವನು ಕಾಯುತ್ತಿದ್ದ ಉತ್ತರಾಯಣವು ಕಾವ್ಯದೊಳಗೆ ಬರುವುದೇ ಇಲ್ಲ. ಸಂಕ್ರಾಂತಿಯ ದಿನ ಭೀಷ್ಮನು ದೇಹವನ್ನು ಬಿಟ್ಟನೆಂದು ನಮ್ಮ ಜನ ಸಲೀಸಾಗಿ ಹೇಳುವುದಕ್ಕೆ ಈ ಖಾಲಿ ಬಿಟ್ಟ ಜಾಗವೂ ಒಂದು ಕಾರಣವಾಗಿರಬಹುದೆ? ಖಂಡಿತವಾಗಿ ಹೇಳಲಾರೆವು. ಆದರೆ ಮೂಲದ ಮಾಘವನ್ನು ಮರೆಸಿ ಮಕರವನ್ನು ಕೂರಿಸುವ ಟಿಪ್ಪಣಿಯು ಕವಿಯ ಮಾತಿನ ಟಿಪ್ಪಣಿಯಲ್ಲ, ಟಿಪ್ಪಣಿಕಾರನ ಗೋಡೆಯ ಮೇಲಿನ ಪಂಚಾಂಗದ ಟಿಪ್ಪಣಿಯೆಂಬುದನ್ನು ಮಾತ್ರ ಖಂಡಿತವಾಗಿ ಹೇಳಬಹುದು.

ಎರಡು ಗಣನೆಗಳ ಸಂಧಿಯನ್ನು ಕಣ್ತೆರೆದು ನೋಡಿದವನು ವರಾಹಮಿಹಿರ. 6ನೆಯ ಶತಮಾನದ ಈ ಆಚಾರ್ಯನು ಬೃಹತ್ಸಂಹಿತೆಯ ಆದಿತ್ಯಚಾರದಲ್ಲಿ, ದಕ್ಷಿಣಾಯನವು ಆಶ್ಲೇಷೆಯ ನಡುವಿನಿಂದಲೂ ಉತ್ತರಾಯಣವು ಧನಿಷ್ಠೆಯ ಆದಿಯಿಂದಲೂ ಹಿಂದೊಮ್ಮೆ ತೊಡಗುತ್ತಿದ್ದಿರಲೇಬೇಕು, ಪೂರ್ವಶಾಸ್ತ್ರಗಳು ಹಾಗೆ ಹೇಳಿವೆ ಎನ್ನುತ್ತಾನೆ. ಈಗಲಾದರೋ ಕರ್ಕಾಟಕದ ಆದಿಯಿಂದ ಒಂದು, ಮಕರದ ಆದಿಯಿಂದ ಇನ್ನೊಂದು. ವ್ಯತ್ಯಾಸ ಕಂಡರೆ ಪ್ರತ್ಯಕ್ಷ ಪರೀಕ್ಷೆಯಿಂದ ನಿಶ್ಚಯಿಸಬೇಕು ಎಂದೂ ಹೇಳುತ್ತಾನೆ. ಪರೀಕ್ಷೆಯ ಕ್ರಮವನ್ನೂ ಕೊಡುತ್ತಾನೆ: ಉದಯಾಸ್ತಗಳಲ್ಲಿ ಸೂರ್ಯನನ್ನು ದೂರದ ಗುರುತಿಗೆ ಹಿಡಿದು ನೋಡುವುದು, ಇಲ್ಲವೆ ದೊಡ್ಡದೊಂದು ಮಂಡಲವನ್ನು ಬರೆದು ಶಂಕುವಿನ ನೆರಳು ಅದನ್ನು ಹೊಕ್ಕು ಹೊರಡುವ ಎಡೆಗಳನ್ನು ಗುರುತಿಸುವುದು. ಹಿಂದಿನವರನ್ನು ಸುಳ್ಳರೆನ್ನದೆ, ತನ್ನ ಕಾಲದ ಆಕಾಶವನ್ನೂ ಬಿಟ್ಟುಕೊಡದೆ ಆಡಿದ ಈ ಮಾತು ವಿಮರ್ಶೆಗೆ ಒಂದು ಮಾದರಿ. ಆದರೆ ಮುಂದಿನ ಮಾತನ್ನು ಸಮನ್ವಯದ ಪಕ್ಷದವರು ಉದಾಹರಿಸುವುದಿಲ್ಲ. ಮಕರವನ್ನು ಮುಟ್ಟುವ ಮೊದಲೇ ಸೂರ್ಯನು ಹಿಂದಿರುಗಿದರೆ ಅದು ಪಶ್ಚಿಮ ದಕ್ಷಿಣ ದಿಕ್ಕುಗಳಿಗೆ ಕೇಡೆಂದು ಅವನು ಫಲ ಹೇಳುತ್ತಾನೆ. ನಮ್ಮ ಪಂಚಾಂಗದ ಮಕರವನ್ನು ಹಿಡಿದು ಹೇಳುವುದಾದರೆ, ಸೂರ್ಯನು ಈಗ ಸಾವಿರ ವರ್ಷಗಳಿಗೂ ಮಿಕ್ಕಿ ಪ್ರತಿವರ್ಷವೂ ಅದನ್ನು ಮುಟ್ಟುವ ಮೊದಲೇ ಹಿಂದಿರುಗುತ್ತಿದ್ದಾನೆ. ಕನ್ನಡ ನಾಡು ಆ ದಿಕ್ಕಿನದೇ. ಈ ಅವಧಿಯಲ್ಲಿ ನಾವು ಕಂಡ ಕೇಡುಗಳಿಗೆಲ್ಲ ಹೊಣೆ ಯಾರೆಂಬುದನ್ನು ಜ್ಯೋತಿಷಿಗಳ ವಿಚಾರಕ್ಕೆ ಬಿಡುತ್ತೇವೆ.

ವ್ಯತ್ಯಾಸದ ಕಾರಣ ವಿದ್ವಾಂಸರು ಬಲ್ಲುದೇ. ಸೂರ್ಯಸಿದ್ಧಾಂತದ ವರ್ಷವು ಋತುಗಳ ವರ್ಷಕ್ಕಿಂತ ಸುಮಾರು 24 ನಿಮಿಷ ದೊಡ್ಡದು. ಅರುವತ್ತು ವರ್ಷಕ್ಕೆ ಒಂದು ದಿನದ ಸರಿತ. ಆಧುನಿಕ ವೇಧೆಗೆ ಹೊಂದಿಸಿದ ನಿರಯನ ವರ್ಷವನ್ನು ಹಿಡಿದರೂ ಎಪ್ಪತ್ತು ವರ್ಷಗಳಿಗೆ ಒಂದು ದಿನ. ಸ್ವಾಮಿ ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಮಕರ ಸಂಕ್ರಾಂತಿಯ ದಿನವಾಗಿತ್ತು. ಇಂದು ಆ ಹಬ್ಬವು 14ರಲ್ಲಿ, ಕೆಲವು ವರ್ಷ 15ರಲ್ಲಿ ಬರುತ್ತದೆ. ಇಷ್ಟನ್ನು ಹೇಳಿ ಗಣಿತವನ್ನು ಮುಗಿಸುತ್ತೇವೆ.

ಈ ಸರಿತವನ್ನು ಮರೆತುದರಿಂದ ಆಗುವ ನಿಜವಾದ ಹಾನಿ ಶಾಸನಗಳ ಅಧ್ಯಯನದಲ್ಲಿ. ರಾಷ್ಟ್ರಕೂಟರ, ಚಾಲುಕ್ಯರ, ಹೊಯ್ಸಳರ ಕಾಲದ ದಾನಶಾಸನಗಳಲ್ಲಿ 'ಉತ್ತರಾಯಣ ಸಂಕ್ರಾಂತಿ', 'ಉತ್ತರಾಯಣ ಸಂಕ್ರಮಣ' ಎಂಬ ಮಾತುಗಳು ಎಷ್ಟೆಡೆಯಲ್ಲಿ ಬರುತ್ತವೆಂಬುದನ್ನು ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳನ್ನು ತಿರುವಿದವರೆಲ್ಲ ಬಲ್ಲರು. ದಾನಿಯು ಆಚಾರ್ಯರ ಕಾಲು ತೊಳೆದು ಧಾರಾಪೂರ್ವಕವಾಗಿ ಭೂಮಿಯನ್ನು ಬಿಟ್ಟುಕೊಡಲು ಆರಿಸಿದ ಪುಣ್ಯಕಾಲಗಳಲ್ಲಿ ಗ್ರಹಣದಷ್ಟೇ ಮಾನ್ಯವಾದುದು ಇದು. 12ನೆಯ ಶತಮಾನದ ಆರಂಭದಲ್ಲಿ ನಿಜವಾದ ಅಯನಾಂತವು ಜೂಲಿಯನ್ ಪಂಚಾಂಗದ ಡಿಸೆಂಬರ್ 15ರ ಸುಮಾರಿಗೆ ಬರುತ್ತಿತ್ತು. ಶಾಸನಗಳ ಉತ್ತರಾಯಣ ಸಂಕ್ರಾಂತಿಯಾದರೋ ಡಿಸೆಂಬರ್ 24, 25ರಲ್ಲಿ. ಆ ಕಾಲಕ್ಕಾಗಲೇ ಹತ್ತು ದಿನದ ಅಂತರ ಬಿದ್ದಿತ್ತು. ಈಗ ಒಂದು ಶಾಸನದಲ್ಲಿ ಪುಷ್ಯ ಶುದ್ಧ ದಶಮಿ, ಇಂತಹ ವಾರ, ಉತ್ತರಾಯಣ ಸಂಕ್ರಾಂತಿ ಎಂದಿದೆಯೆಂದು ಭಾವಿಸೋಣ. 'ಉತ್ತರಾಯಣ' ಎಂಬ ಪದವನ್ನು ಭೂಗೋಳದ ಅರ್ಥದಲ್ಲಿ ಹಿಡಿದ ವಿದ್ಯಾರ್ಥಿಯು ಅಯನಾಂತದ ದಿನದ ತಿಥಿಯನ್ನು ಲೆಕ್ಕ ಹಾಕಿದರೆ ಅಮಾವಾಸ್ಯೆಯ ಹತ್ತಿರದ ತಿಥಿ ಬರುತ್ತದೆ, ವಾರವೂ ಕೂಡುವುದಿಲ್ಲ. ಆಗ ಅವನು ಕಾಲನಿರ್ದೇಶವು ಅಸಂಬದ್ಧವಾಗಿದೆ, ಶಾಸನವು ಕೂಟಶಾಸನವಿರಬಹುದು ಎಂದು ಬರೆಯುತ್ತಾನೆ. ಬರೆದದ್ದು ಅಚ್ಚಾದರೆ ಮುಂದಿನವರು ಅದನ್ನೇ ಎತ್ತಿಕೊಳ್ಳುತ್ತಾರೆ. ಒಂದು ಪದದ ಅರ್ಥಸಂಕರದಿಂದ ಒಬ್ಬ ದಾನಿಯೂ ಒಂದು ಊರೂ ಚರಿತ್ರೆಯಿಂದ ಹೊರಬೀಳಬಹುದು. ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರು 1922ರಲ್ಲಿ ಪ್ರಕಟಿಸಿದ ಕೋಷ್ಟಕಗಳು ಸಿದ್ಧಾಂತದ ಸಂಕ್ರಾಂತಿಯನ್ನೇ ಕೊಡುತ್ತವೆ. ಅವನ್ನು ಬಳಸುವವರಿಗೆ ಈ ಅಪಾಯವಿಲ್ಲ. ಯಾವ ಗಣನೆಯೆಂದು ಕೇಳದೆ ಸಿದ್ಧವಾದ ಲೆಕ್ಕದ ಯಂತ್ರಗಳಿಗೆ ಮೊರೆಹೋಗುವ ಇಂದಿನವರಿಗೆ ಅಪಾಯ ಹೆಚ್ಚು.

ಶಾಸನಕಾರರು ಅಜ್ಞಾನದಿಂದ ಹಾಗೆ ಬರೆದರೆನ್ನುವುದೂ ಸರಿಯಲ್ಲ. ಕ್ರಿ.ಶ. 1114ರಲ್ಲಿ ಹುಟ್ಟಿದ ಎರಡನೆಯ ಭಾಸ್ಕರಾಚಾರ್ಯನಿಗೆ ಅಯನಚಲನವು ಚೆನ್ನಾಗಿ ಗೊತ್ತಿತ್ತು. ಅವನು ಗೋಳಾಧ್ಯಾಯದಲ್ಲಿ ಎತ್ತಿಕೊಳ್ಳುವ ಒಂದು ಪ್ರಶ್ನೆ ನಮಗೆ ಬಹು ಮುಖ್ಯವಾಗಿ ಕಾಣುತ್ತದೆ. ಉತ್ತರಾಯಣವು ದೇವತೆಗಳ ಹಗಲೆಂದು ಸಂಹಿತಾಕಾರರು ಹೇಳುತ್ತಾರೆ. ಆದರೆ ಮೇರುವಿನಲ್ಲಿರುವ ದೇವತೆಗಳಿಗೆ ಸೂರ್ಯನು ಕಾಣತೊಡಗುವುದು ವಿಷುವದಿಂದ, ಮೇಷದ ಆದಿಯಿಂದ. ಮಕರದ ಆದಿಯಲ್ಲಿ ಅವರಿಗೆ ನಟ್ಟನಡುರಾತ್ರಿ. ಹಾಗಾದರೆ ಸಂಹಿತೆಯ ಮಾತು ಸುಳ್ಳೆ? ಭಾಸ್ಕರನು ಸುಳ್ಳೆನ್ನುವುದಿಲ್ಲ. ಸೂರ್ಯನು ಹಗಲಿನ ಕಡೆಗೆ ಮುಖ ಮಾಡಿದುದರಿಂದ ಅದನ್ನು ಹಗಲೆಂದರು, ಫಲವನ್ನು ಹೇಳುವ ಸಲುವಾಗಿ ಹಾಗೆಂದರು ಎನ್ನುತ್ತಾನೆ. ಗಣಿತದ ಸತ್ಯಕ್ಕೂ ಆಚಾರದ ಮಾತಿಗೂ ಅವನು ಬೇರೆ ಬೇರೆ ಅಧಿಕಾರವನ್ನು ಒಪ್ಪಿದನು. ಒಂದನ್ನು ಮತ್ತೊಂದಕ್ಕೆ ಒತ್ತೆಯಿಡಲಿಲ್ಲ. ಮಧ್ಯಕಾಲದ ಜ್ಯೋತಿಷ ನಿಬಂಧಗಳಲ್ಲಿ ಅಯನಾಂಶವನ್ನು ಸೇರಿಸಿದ 'ಚಲಸಂಕ್ರಾಂತಿ'ಯ ಪ್ರಸ್ತಾಪ ಬರುವುದೂ ಇಂತಹ ಎಚ್ಚರದ ಫಲವೇ. ಧನುರ್ಮಾಸದ ಪೂಜೆಯು ನಿಂತಿರುವುದು ಸಂಹಿತೆಯ ಮಾತಿನ ಮೇಲೆ: ದೇವತೆಗಳ ಹಗಲು ಮಕರದಿಂದ ತೊಡಗುವುದಾದರೆ ಅದರ ಹಿಂದಿನ ತಿಂಗಳು ಅವರ ಬೆಳಗಿನ ಜಾವ. ಈ ನಾಡಿನ ದೇವಾಲಯಗಳಲ್ಲಿ ಡಿಸೆಂಬರ್ ನಡುವಿನಿಂದ ಒಂದು ತಿಂಗಳು ಚುಕ್ಕೆ ಮಾಸುವ ಮುನ್ನ ಗಂಟೆ ಬಾರಿಸಿ, ಬಿಸಿ ಹುಗ್ಗಿಯನ್ನು ನೈವೇದ್ಯ ಮಾಡುವರಷ್ಟೆ. ಸೂರ್ಯನು ನಿಜವಾಗಿ ತಿರುಗುವುದು ಈ ತಿಂಗಳಿನ ಮೊದಲ ವಾರದಲ್ಲಿ. ಹುಗ್ಗಿಯ ರುಚಿಗೆ ಇದರಿಂದ ಕೊರತೆಯಿಲ್ಲ.

ತಿದ್ದುಪಡಿಯ ಪಕ್ಷಕ್ಕೆ ಬರೋಣ. 1952ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿಯು 1955ರಲ್ಲಿ ವರದಿಯನ್ನು ಕೊಟ್ಟಿತು. ಅದರಂತೆ ರಾಷ್ಟ್ರೀಯ ಪಂಚಾಂಗವು 1957ರ ಮಾರ್ಚ್ 22ರಿಂದ ಬಳಕೆಗೆ ಬಂದಿತು. ಅದರಲ್ಲಿ ಪೌಷ ಮಾಸದ 1ನೆಯ ದಿನ ಡಿಸೆಂಬರ್ 22. ಎಂದರೆ ಅಯನದ ತಿರುವಿಗೆ ತಿಂಗಳ ಮೊದಲ ದಿನದ ಮರ್ಯಾದೆ ದೊರೆಯಿತು. ಆದರೆ ಜನರ ಸಂಕ್ರಾಂತಿ ಅದೇ ಪಂಚಾಂಗದ ಪೌಷ 24ರಲ್ಲಿ ಉಳಿಯಿತು. ಧಾರ್ಮಿಕ ಬಳಕೆಗಾಗಿ ಸಮಿತಿಯು ಅಯನಾಂಶವನ್ನು 23 ಡಿಗ್ರಿ 15 ಕಲೆಗೆ ಕೀಲಿಸಿ, ಹಬ್ಬಗಳು ಇನ್ನು ಮುಂದಾದರೂ ಋತುವಿನಿಂದ ದೂರ ಸರಿಯದಂತೆ ಮಾಡಲು ನೋಡಿತು. ಹಿಂದೆಗೆಯುವ ಸಾಹಸಕ್ಕೆ ಕೈಹಾಕಲಿಲ್ಲ. ಸಾಹಾ ಅವರಂತಹ ನಿಷ್ಠುರ ವಿಜ್ಞಾನಿಯೇ ಇಷ್ಟಕ್ಕೆ ನಿಂತುದು ಯೋಚಿಸಬೇಕಾದ ವಿಷಯ. ತುಲಾ ಸಂಕ್ರಮಣದ ಕಾವೇರಿ ತೀರ್ಥೋದ್ಭವವೂ ಕರಾವಳಿಯ ಮೇಷದ ಬಿಸುವೂ ವಿಷುವಗಳಿಂದ ಅಷ್ಟೇ ದಿನ ದೂರ ಸರಿದಿವೆ. ತಲಕಾವೇರಿಯ ಜಾತ್ರೆಯನ್ನು ಅಕ್ಟೋಬರ್ 17ರಿಂದ ಸೆಪ್ಟೆಂಬರ್ 23ಕ್ಕೆ ತರಬೇಕೆಂದು ಯಾರೂ ವಾದಿಸಿದಂತೆ ಕಾಣೆವು.

ಇದು ನಮ್ಮ ನಾಡಿಗೆ ಮಾತ್ರ ಅಂಟಿದ ದೋಷವೂ ಅಲ್ಲ. ಸೀಸರನ ಪಂಚಾಂಗದಲ್ಲಿ ಡಿಸೆಂಬರ್ 25 ಅಯನಾಂತದ ದಿನವೆಂದು ಸಂದಿತ್ತು. ಕ್ರಿಸ್ತಜಯಂತಿಯು ಅದೇ ತಾರೀಖಿನಲ್ಲಿ ನಿಂತಿತು, ಸೂರ್ಯನು ನಿಲ್ಲಲಿಲ್ಲ. 14ನೆಯ ಶತಮಾನದ ಹೊತ್ತಿಗೆ ಅಯನಾಂತವು ಅದೇ ಪಂಚಾಂಗದ ಡಿಸೆಂಬರ್ 13ಕ್ಕೆ, ಸಂತ ಲೂಸಿಯಳ ದಿನಕ್ಕೆ, ಹಿಂದೆಗೆದಿತ್ತು. ಜಾನ್ ಡನ್ ಕವಿಯು ಆ ದಿನವನ್ನೇ ವರ್ಷದ ಅತಿ ಚಿಕ್ಕ ದಿನವೆಂದು ಕರೆದು ಕವಿತೆ ಬರೆದುದನ್ನು ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು. 1582ರ ಗ್ರೆಗೋರಿಯನ್ ಸುಧಾರಣೆಯ ಪಂಚಾಂಗದಲ್ಲಿ ಅಯನಾಂತವು 21, 22ಕ್ಕೆ ಬಂದು ನೆಲೆಸಿದೆ. ಆದರೂ ಸ್ವೀಡನ್ನಿನ ಹುಡುಗಿಯರು ಇಂದಿಗೂ 13ರಂದೇ ತಲೆಯ ಮೇಲೆ ದೀಪಗಳ ಕಿರೀಟವನ್ನಿಟ್ಟುಕೊಂಡು ಮೆರವಣಿಗೆ ಹೊರಡುತ್ತಾರೆ. ಡನ್ನನಿಗೆ ಟಿಪ್ಪಣಿ ಬರೆಯುವ ಯಾವ ಸಂಪಾದಕನೂ ಹಳೆಯ ಪಂಚಾಂಗದ ಮಾತನ್ನು ಬಿಟ್ಟು ಮುಂದೆ ಹೋಗನು. ನಮ್ಮ ಸಂಪಾದಕರಿಂದ ನಾವು ಬಯಸುವುದೂ ಅಷ್ಟೇ.

ಬೆಂಗಳೂರಿನ ಗವಿ ಗಂಗಾಧರೇಶ್ವರ ದೇವಾಲಯದ ದೃಷ್ಟಾಂತವನ್ನು ಸಮನ್ವಯದ ಪಕ್ಷದವರು ಮುಂದಿಡುವುದುಂಟು. ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣವು ನಂದಿಯ ಕೊಂಬುಗಳ ನಡುವೆ ಹಾದು ಒಳಗಿನ ಲಿಂಗವನ್ನು ಮುಟ್ಟುತ್ತದೆ; ಅದನ್ನು ನೋಡಲು ಜನ ಕಿಕ್ಕಿರಿದು ನೆರೆಯುತ್ತಾರೆ. ದೃಶ್ಯವು ರಮಣೀಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇದು ಅಯನದ ತಿರುವಿಗೆ ಸಾಕ್ಷಿಯಲ್ಲ. ತಿರುವಿನ ದಿನ ಸೂರ್ಯನು ಇನ್ನೂ ದಕ್ಷಿಣದಲ್ಲಿ ಮುಳುಗುತ್ತಾನೆ. ಜನವರಿ 14ರಂದು ಅವನು ಮುಳುಗುವ ತಾಣದಲ್ಲಿಯೇ ದಕ್ಷಿಣಕ್ಕೆ ಹೋಗುವಾಗ, ನವೆಂಬರ್ ಕಡೆಯ ವಾರದಲ್ಲಿಯೂ ಒಮ್ಮೆ ಮುಳುಗಿರುತ್ತಾನೆ. ಆ ಸಂಜೆಯೂ ಕಿರಣವು ಅದೇ ದಾರಿಯನ್ನು ಹಿಡಿಯಬೇಕು. ಆ ದಿನಕ್ಕೆ ಪಂಚಾಂಗವು ಹೆಸರಿಟ್ಟಿಲ್ಲ. ಕಿರಣವು ಹಬ್ಬವನ್ನು ಗೊತ್ತುಮಾಡಲಿಲ್ಲ, ಹಬ್ಬವು ಕಿರಣಕ್ಕೆ ನೋಡುಗರನ್ನು ತಂದಿತು ಎನ್ನುವುದು ಹೆಚ್ಚು ಸರಿ.

ಹಾಗಾದರೆ ಜನರು ಸಂಕ್ರಾಂತಿಯಂದು ಆಚರಿಸುವುದೇನನ್ನು? ಹಳೆಯ ಮೈಸೂರಿನ ಸೀಮೆಯಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿ ಬೀಜಗಳನ್ನು ಬೆರಸಿ ಸಕ್ಕರೆಯ ಅಚ್ಚು ಕಬ್ಬಿನ ತುಂಡುಗಳೊಡನೆ ಮನೆಮನೆಗೂ ಎಳ್ಳು ಬೀರುತ್ತಾರೆ; ಸಂಜೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಉರಿಯುವ ಹುಲ್ಲಿನ ಮೇಲೆ ಕಿಚ್ಚು ಹಾಯಿಸುತ್ತಾರೆ. ಉತ್ತರ ಕರ್ನಾಟಕದಲ್ಲಿ ಎಳ್ಳು ಹಚ್ಚಿಕೊಂಡು ಹೊಳೆಯಲ್ಲಿ ಮಿಂದು, ಸಜ್ಜೆಯ ರೊಟ್ಟಿ ಮಾದಲಿಗಳ ಬುತ್ತಿಯನ್ನು ದಂಡೆಯಲ್ಲಿ ಕುಳಿತು ಉಂಡು, ಕುಸುರೆಳ್ಳನ್ನು ಹಂಚಿ, ಕಿರಿಯರು ಹಿರಿಯರಿಗೆ ನಮಸ್ಕರಿಸುತ್ತಾರೆ. ಇವುಗಳಲ್ಲಿ ಎಳ್ಳಿನ ಸ್ನಾನಕ್ಕೂ ದಾನಕ್ಕೂ ಧರ್ಮಶಾಸ್ತ್ರದ ಆಧಾರವಿದೆ. ಮಿಕ್ಕುದೆಲ್ಲ ಕಣದ್ದು, ಕೊಟ್ಟಿಗೆಯದು. ಬತ್ತ ರಾಗಿಗಳ ಒಕ್ಕಲು ಮುಗಿದು, ಕಬ್ಬು ಕೈಗೆ ಬಂದು, ದನಗಳಿಗೆ ದುಡಿಮೆಯಿಂದ ತುಸು ಬಿಡುವಾದ ಕಾಲವಿದು. ಹಬ್ಬವು ಡಿಸೆಂಬರಿನಿಂದ ಜನವರಿಗೆ ಮೆಲ್ಲಮೆಲ್ಲನೆ ಜಾರಿದಂತೆ ಅದು ಅಯನದಿಂದ ದೂರವಾಯಿತು, ಸುಗ್ಗಿಗೆ ಹತ್ತಿರವಾಯಿತು. ಜನ ಅದನ್ನು ಬಿಡದೆ ಹಿಡಿದುಕೊಂಡುದಕ್ಕೆ ಈ ಎರಡನೆಯ ಸಂಗತಿಯೇ ಕಾರಣವೆಂಬುದು ನಮ್ಮ ಊಹೆ. ಡಿಸೆಂಬರ್ 22ಕ್ಕೆ ಹಬ್ಬವನ್ನು ಒಯ್ಯುವವರು ಕಣದ ಕೆಲಸವನ್ನೂ ಮೂರು ವಾರ ಹಿಂದಕ್ಕೆ ಒಯ್ಯಬೇಕಾದೀತು.

ಇನ್ನು ಅಯನಾಂತಕ್ಕೆ ನಿಜವಾಗಿ ಹತ್ತಿರವಿರುವ ಹಬ್ಬವೊಂದು ಉತ್ತರ ಕರ್ನಾಟಕದಲ್ಲಿದೆ. ವಿದ್ವಾಂಸರ ಗಮನ ಅದರ ಕಡೆಗೆ ಹರಿದುದು ಕಡಮೆ. ಮಾರ್ಗಶಿರದ ಅಮಾವಾಸ್ಯೆಯಾದ ಎಳ್ಳ ಅಮಾವಾಸ್ಯೆಯು ಸೂರ್ಯನು ಧನುಸ್ಸಿನಲ್ಲಿರುವಾಗ, ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗೆ ಎಲ್ಲಿಯಾದರೂ ಬೀಳುತ್ತದೆ. ಕೆಲವು ವರ್ಷ ಅಯನಾಂತಕ್ಕೆ ಒಂದೆರಡು ದಿನಗಳ ಅಂತರದಲ್ಲಿಯೇ ಬರುವುದುಂಟು. ಬೀದರ, ಕಲಬುರಗಿ, ವಿಜಯಪುರದ ಎರೆಯ ನೆಲದಲ್ಲಿ ಬಿಳಿಜೋಳವೂ ಕಡಲೆ ಕುಸುಬೆಗಳೂ ಆಳೆತ್ತರಕ್ಕೋ ಮೊಳೆತ್ತರಕ್ಕೋ ನಿಂತಿರುವ ಕಾಲ. ಆ ದಿನ ಊರು ಬರಿದಾಗುತ್ತದೆ. ಬುತ್ತಿಯ ಬುಟ್ಟಿಗಳನ್ನು ಹೊತ್ತು, ಬಂಡಿ ಹೂಡಿ, ಈಗೀಗ ಟ್ರ್ಯಾಕ್ಟರುಗಳಲ್ಲಿಯೂ, ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ಜೋಳದ ದಂಟಿನ ಚಿಕ್ಕ ಗುಡಿಯನ್ನು ಕಟ್ಟಿ ಐದು ಕಲ್ಲುಗಳನ್ನು ಪಾಂಡವರೆಂದು ನಿಲ್ಲಿಸಿ ಪೂಜಿಸುತ್ತಾರೆ. ಸಜ್ಜೆಯ ಕಡುಬು, ಎಣ್ಣೆಗಾಯಿ, ಪುಂಡಿಪಲ್ಯ, ಬೀದರದ ಕಡೆ ಭಜ್ಜಿ ಅಂಬಲಿಗಳನ್ನು ನೈವೇದ್ಯ ಮಾಡಿ, ಅದನ್ನು ಹೊಲದ ಸುತ್ತ ಒಬ್ಬರು ಎರಚುತ್ತ ಮತ್ತೊಬ್ಬರು ಹಿಂದಿನಿಂದ ನೀರು ಚಿಮುಕಿಸುತ್ತ ಕೂಗಿಕೊಂಡು ಬರುತ್ತಾರೆ. ಇದಕ್ಕೆ ಚರಗ ಚೆಲ್ಲುವುದು ಎಂದು ಹೆಸರು. ಅನಂತರ ಹಾದಿಹೋಕರನ್ನೂ ಕರೆದು ಕೂರಿಸಿ ಉಣ್ಣುತ್ತಾರೆ.

ಕೌಷೀತಕಿಯು ಹೇಳುವ ತಿರುವಿನ ದಿನವೂ ಅಮಾವಾಸ್ಯೆ, ಇದೂ ಅಮಾವಾಸ್ಯೆ ಎಂಬ ಸಾಮ್ಯವನ್ನು ಹಿಡಿದು ಎಳ್ಳ ಅಮಾವಾಸ್ಯೆಯನ್ನು ವೇದಕಾಲದ ಅಯನೋತ್ಸವದ ಶೇಷವೆಂದು ಸಾರಲು ಯಾರಿಗಾದರೂ ಆಸೆಯಾಗಬಹುದು. ನಾವು ಅದಕ್ಕೆ ಒಡಂಬಡುವುದಿಲ್ಲ. ಮಾಸ ಬೇರೆ, ವಿಧಿ ಬೇರೆ. ಈ ಹಬ್ಬದಲ್ಲಿ ಸೂರ್ಯನ ಪ್ರಸ್ತಾಪವೇ ಇಲ್ಲ. ಇಲ್ಲಿ ಪೂಜೆ ಭೂಮಿತಾಯಿಗೆ, ತೆನೆಗಟ್ಟುತ್ತಿರುವ ಪೈರಿಗೆ. ಆದರೆ ಜನರು ಚಳಿಗಾಲದ ಈ ನಡುವಣ ದಿನಗಳನ್ನು ಹೇಗೆ ಕಳೆಯುತ್ತಾರೆಂದು ಕೇಳುವವರು ಪಂಚಾಂಗದ ಉತ್ತರಾಯಣವನ್ನು ಮಾತ್ರ ನೋಡದೆ ಈ ಹೊಲಗಳಿಗೂ ಹೋಗಬೇಕು. ಚರಗದ ಕೂಗು ತಾಲ್ಲೂಕಿನಿಂದ ತಾಲ್ಲೂಕಿಗೆ ಬದಲಾಗುತ್ತದೆ. ಅದರ ಕೆಲವು ಶಬ್ದಗಳ ಅರ್ಥ ಕೂಗುವವರಿಗೂ ಹೇಳಬರುವುದಿಲ್ಲ. ಬುತ್ತಿಯ ಪದಾರ್ಥಗಳೂ, ಕಲ್ಲುಗಳ ಸಂಖ್ಯೆಯೂ, ಅವನ್ನಿಡುವ ದಿಕ್ಕೂ ಊರೂರಿಗೆ ಬೇರೆಯಾಗಬಹುದು. ಗಡಿಯ ಆಚೆ ಮರಾಠಿ ತೆಲುಗು ಸೀಮೆಗಳಲ್ಲಿಯೂ ಇದು ನಡೆಯುವುದರಿಂದ ಹೋಲಿಕೆಗೆ ಸಾಮಗ್ರಿ ಹೇರಳವಾಗಿದೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಅನೇಕರು ಆ ಊರುಗಳವರೇ ಆಗಿದ್ದು, ಅಮಾವಾಸ್ಯೆಗೆ ಹೇಗೂ ಮನೆಗೆ ಹೋಗುತ್ತಾರೆ. ಅವರು ಒಂದು ಟಿಪ್ಪಣಿಪುಸ್ತಕವನ್ನು ಜೊತೆಗೆ ಒಯ್ದು, ಕೇಳಿದ ಕೂಗನ್ನು ಕೇಳಿದಂತೆಯೇ, ಊರಿನ ಹೆಸರನ್ನೂ ದಿನವನ್ನೂ ಬರೆದು ತಂದುಕೊಟ್ಟರೆ ಆ ಸಾಮಗ್ರಿಯನ್ನು ತಾಲ್ಲೂಕುವಾರು ಜೋಡಿಸಿ ಪರಿಶೀಲಿಸಬಹುದಾಗಿದೆ.